ನಿಲಾಳ ಹಾಡಿನ ತುದಿ

ಪಾಕ್ ಕಸಿರಾನ್ ಅವರ ಪಕ್ಕದಲ್ಲಿ ಇಪ್ಪತ್ತೆರಡು ವರ್ಷ ಅಂಗಡಿ ಇಟ್ಟುಕೊಂಡೂ ನನ್ನ ತಲೆ ನೆಟ್ಟಗಿದೆ. ಅದಕ್ಕೇ ನನಗೊಂದು ಪದಕ ಕೊಡಬೇಕು. ಅವರದು ಸೈಕಲ್ ರಿಪೇರಿ ಅಂಗಡಿ, ನನ್ನದು ಸೋತೊ, ಅಂದರೆ ಕೋಳಿಸಾರಿನ ಅಂಗಡಿ, ನಡುವೆ ಒಂದು ಬಿದಿರಿನ ತಟ್ಟಿ. ಬೆಳಗಿನ ಐದೂವರೆಗೆ ನಾನು ಕೋಳಿಸಾರಿನ ಹಂಡೆಯಲ್ಲಿ ಸೌಟು ಆಡಿಸಿದೆನೋ ಇಲ್ಲವೋ, ತಟ್ಟಿಯ ಆಚೆಯಿಂದ ತೀರ್ಪು ಬರುತ್ತದೆ.

"ಯು ರುಬಿಯಾ, ಇವತ್ತು ನಿನ್ನ ಸೌಟಿನ ನಡು ದನಿ ಒಡೆದಿದೆ. ಹಿಡಿ ಸಡಿಲ ಆಗಿರ್ಬೇಕು, ನೋಡು."

ಯು ಅಂದರೆ ಅಕ್ಕ; ಪಾಕ್, ಬು ಅಂದರೆ ಹಿರಿಯರ ಹೆಸರಿನ ಮುಂದೆ ಸೇರಿಸುವ ಅಪ್ಪ, ಅಮ್ಮ. ನನಗಿಂತ ಹನ್ನೊಂದು ವರ್ಷ ದೊಡ್ಡವರು ನನ್ನನ್ನು ಅಕ್ಕ ಅನ್ನುತ್ತಾರೆ; ಜಾವಾದ ನಮ್ಮ ಕ್ಲಾತೆನ್ ಕಡೆ ಸಂತೆಯಲ್ಲಿ ಕೂತು ಮಾರುವ ಹೆಂಗಸರೆಲ್ಲ ಊರಿಗೇ ಅಕ್ಕಂದಿರು. ಸೌಟು ತಿರುಗಿಸಿ ನೋಡಿದರೆ, ಹಾಳಾದ್ದು, ಹಿಡಿ ಸಡಿಲವಾಗಿಯೇ ಇರುತ್ತದೆ.

ವಾರದಲ್ಲಿ ಆರು ದಿನ ಪಂಕ್ಚರ್ ಹಾಕುವ ಆ ಕೈಗೆ ಏಳನೆಯ ದಿನ ಬಾವುಟ ಬರುತ್ತಿತ್ತು. ಭಾನುವಾರ ಸಂತೆಯ ಹಿಂದಿನ ಬಯಲಿನಲ್ಲಿ ಬೆಳವಗಳ ಸ್ಪರ್ಧೆ. ಮನೆಯ ಸೂರಿನಡಿ ಪಂಜರದಲ್ಲೊಂದು ಬೆಳವ ಕೂಗದಿದ್ದರೆ ನಮ್ಮಲ್ಲಿ ಗಂಡಸನ್ನು ಪೂರಾ ಗಂಡಸು ಅನ್ನುವುದಿಲ್ಲ. ಬಯಲಿನಲ್ಲಿ ನಲವತ್ತು ಕಂಬ. ಒಂದೊಂದೂ ಎರಡು ಆಳಿಗಿಂತ ಹೆಚ್ಚು ಎತ್ತರ. ಹಗ್ಗ ಎಳೆದು ಪಂಜರಗಳನ್ನು ಮೇಲೇರಿಸುತ್ತಾರೆ. ತೀರ್ಪುಗಾರ ಕೆಳಗೆ ನಿಂತು ಕತ್ತೆತ್ತಿ ಕೇಳಬೇಕು. ಮುಂದಿನ ದನಿ, ನಡು ದನಿ, ತುದಿ ದನಿ, ಹೀಗೆ ಮೂರು ಭಾಗ. ಮೂರನ್ನೂ ತೂಗಿ ಕಂಬದ ಬುಡಕ್ಕೆ ಬಾವುಟ ಚುಚ್ಚುವುದು. ಸಾಧಾರಣ ಹಕ್ಕಿಗೆ ಒಂದು ಬಣ್ಣದ್ದು, ಬಲು ಅಪರೂಪದ ಹಕ್ಕಿಗೆ ನಾಲ್ಕು ಬಣ್ಣದ್ದು. ಯಜಮಾನರು ಪಿಟಕ್ಕೆನ್ನುವಂತಿಲ್ಲ. ಇನ್ನೂರು ಗಂಡಸರು ಬಾಯಿ ಮುಚ್ಚಿಕೊಂಡು ಕೂರುವುದನ್ನು ನೋಡಬೇಕೆಂದರೆ ನಮ್ಮ ಆ ಬಯಲಿಗೇ ಬರಬೇಕು.

ಮೂವತ್ತು ವರ್ಷ ಹಾಗೆ ಮೇಲೆ ನೋಡಿ ನೋಡಿ ಪಾಕ್ ಕಸಿರಾನ್ ಅವರ ಕತ್ತು ಹಿಂದಕ್ಕೆ ವಾಲಿಬಿಟ್ಟಿದೆ. ಮಾತಾಡುವಾಗಲೂ ಗದ್ದ ಎತ್ತಿಕೊಂಡೇ ಇರುತ್ತಾರೆ. ಹೊಸಬರು "ಎಷ್ಟು ಕೊಬ್ಬು ಈ ಮನುಷ್ಯನಿಗೆ!" ಅಂದುಕೊಳ್ಳುತ್ತಾರೆ. ಕೊಬ್ಬು ಖಂಡಿತ ಇಲ್ಲ. ಇರುವ ರೋಗ ಬೇರೆ: ಸುಳ್ಳು ಬಾರದು. ಒಮ್ಮೆ ಒಬ್ಬ ಸಕ್ಕರೆ ವ್ಯಾಪಾರಿ ಬ್ಯಾಂಕಾಕಿನಿಂದ ತರಿಸಿದ ಬೆಳವವನ್ನು ಚಿನ್ನದ ನೀರು ಕುಡಿಸಿದ ಪಂಜರದಲ್ಲಿಟ್ಟು ಏರಿಸಿದ. ಹಿಂದಿನ ದಿನವೇ ಇವರ ಮನೆಗೆ ಒಂದು ಮೂಟೆ ಸಕ್ಕರೆ ಹೋಗಿತ್ತು. ಹಕ್ಕಿಗೆ ಬಿದ್ದದ್ದು ಒಂದು ಬಣ್ಣ. ಮೂಟೆಯನ್ನು ತಾವೇ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋಗಿ ಇಳಿಸಿ, "ಸಕ್ಕರೆಗೆ ನಾಲ್ಕು ಬಣ್ಣ ಕೊಡಬಹುದು ಪಾಕ್, ಹಕ್ಕಿಗೆ ಆಗಲ್ಲ" ಅಂದು ಬಂದರು. ನಾಲ್ಕು ಬಣ್ಣದ ಆ ಬಾವುಟ ಅವರ ಸೊಂಟದ ಚೀಲದಿಂದ ಹೊರಬಂದದ್ದು ಮೂವತ್ತು ವರ್ಷದಲ್ಲಿ ಏಳೇ ಸಲ.

ಹೆಂಡತಿ ಬು ವಾಗಿಯೆಂ ಅವರನ್ನು ನೋಡಲು ಹೋದಾಗಲೂ ಇದೇ ಕಥೆಯಂತೆ. ಹುಡುಗಿಯ ಬಾಯಿಂದ ನಾಲ್ಕು ಮಾತು ಆಡಿಸಿ, ಅವರ ತಾಯಿಗೆ ಹೇಳಿದರಂತೆ: "ಮುಂದಿನ ದನಿ ಚೆನ್ನಾಗಿದೆ. ತುದಿ ಸ್ವಲ್ಪ ಚುಚ್ಚುತ್ತೆ."

"ಇನ್ನೂ ಚುಚ್ತಾನೇ ಇದೀನಿ," ಅನ್ನುತ್ತಾರೆ ಬು ವಾಗಿಯೆಂ. "ಆದ್ರೂ ಈ ಜನಕ್ಕೆ ಬುದ್ಧಿ ಬರ್ಲಿಲ್ಲ."

ಇವರಿಗೆ ಒಬ್ಬಳೇ ಮಗಳು, ವೆನಿಂಗ್. ಮದುವೆಯಾಗಿ ಹದಿಮೂರು ವರ್ಷಕ್ಕೆ ಹುಟ್ಟಿದವಳು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಾಳೆ, ಬಂಗಾರದಂಥ ಹುಡುಗಿ, ಮಾತು ಕಮ್ಮಿ. ಅವಳು ಪಕ್ಕದೂರಿನ ಗಿಲಾಂಗ್ ಎಂಬ ಹುಡುಗನನ್ನು ಇಷ್ಟಪಟ್ಟಿದ್ದಳು. ಮದುವೆ ಮನೆಗಳಿಗೆ, ದೊಡ್ಡ ಕಾರ್ಯಕ್ರಮಗಳಿಗೆ ಮೈಕು, ಸ್ಪೀಕರು ಕಟ್ಟುವವನು. ಎರಡೂ ಮನೆಗೆ ಓಡಾಡಿ ಮಾತು ಹೊಂದಿಸಿದವಳು ನಾನೇ. ಮದುವೆ ಕೂಡಿಸುವುದರಲ್ಲಿ ನನ್ನ ಕೈಗುಣ ಒಳ್ಳೆಯದು. ಹದಿನಾಲ್ಕು ಜೋಡಿ, ಒಂದೂ ಮುರಿದಿಲ್ಲ. ಆದರೆ ಗಿಲಾಂಗ್‌ನ ಅಪ್ಪನ ಒಂದು ಸಂಗತಿಯನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಪೆದ್ದಿ ನಾನು.

ಆ ಅಪ್ಪ ಪಾಕ್ ಮರ್ಸುದಿ. ಇಟ್ಟಿಗೆ ಗೂಡಿನ ಯಜಮಾನರು, ಇಟ್ಟಿಗೆಯದೇ ಬಣ್ಣ, ಇಟ್ಟಿಗೆಯದೇ ತೂಕ. ಇವರ ಪ್ರಾಣವೆಲ್ಲ ನಿಲಾ ಕಿನಾಸಿ. ಜಾವಾದಲ್ಲಿ ನಿಲಾಳ ಹಾಡಿಲ್ಲದ ಬಸ್ಸಿಲ್ಲ, ಮದುವೆಯಿಲ್ಲ, ಕ್ಷೌರದಂಗಡಿಯಿಲ್ಲ. ಡೋಲು ಧಡಧಡ ಬಡಿಯುತ್ತಿರುತ್ತದೆ, ಅವಳು ಕೈಬಿಟ್ಟು ಹೋದ ಗಂಡಸಿನ ಬಗ್ಗೆ ಹಾಡುತ್ತಿರುತ್ತಾಳೆ, ಜನ ಕಣ್ಣೀರು ಸುರಿಸುತ್ತಲೇ ಸೊಂಟ ಕುಣಿಸುತ್ತಿರುತ್ತಾರೆ. ಪಾಕ್ ಮರ್ಸುದಿ ಅವಳ ಅಭಿಮಾನಿ ಸಂಘದ ನಮ್ಮ ಭಾಗದ ಅಧ್ಯಕ್ಷರು. ಲಾರಿಯ ಹಿಂದೆ ಅವಳ ಚಿತ್ರ, ಗೋಡೆ ಗಡಿಯಾರದಲ್ಲಿ ಅವಳ ಚಿತ್ರ. ಅಷ್ಟೇ ಆಗಿದ್ದರೆ ಸರಿ, ಇಟ್ಟಿಗೆಗಳ ಮೇಲೂ ಅವಳ ಹೆಸರಿನ ಮೊದಲಕ್ಷರ ಒತ್ತಿಸಿದ್ದಾರೆ. ನಮ್ಮೂರ ಶಾಲೆಯ ಪಾಯಿಖಾನೆಯ ನಾಲ್ಕೂ ಗೋಡೆ ನಿಲಾಮಯ.

ಹೆಣ್ಣು ಕೇಳಲು ಬಂದ ದಿನ ಎಲ್ಲ ಸುಸೂತ್ರವಾಗಿ ನಡೆಯುತ್ತಿತ್ತು. ಚಹಾ ಬಂತು. ಕೋಳಿ ತುಂಬಿದ ಅಂಟಕ್ಕಿಯ ಸುರುಳಿ ಬಂತು. ಪಾಕ್ ಮರ್ಸುದಿ ಬಾಳೆ ಎಲೆ ಬಿಡಿಸುತ್ತಾ ಖುಷಿಯಾಗಿ ಕೇಳಿದರು: "ಪಾಕ್ ಕಸಿರಾನ್, ನೀವು ದನಿ ತಿಳಿದವರು. ನೀವೇ ಹೇಳಿ. ನಮ್ಮ ನಿಲಾಗೆ ಸಿಕ್ಕಿರೋ ಹೆಸರು ಕಮ್ಮಿನೇ ಅಲ್ವಾ? ಅಂಥ ಗಂಟಲು ಈ ಜಾವಾದಲ್ಲಿ ಇನ್ನೊಂದಿದೆಯಾ?"

ನಾನು ಬು ವಾಗಿಯೆಂ ಅವರನ್ನು ನೋಡಿದೆ. ಅವರು ನನ್ನನ್ನು ನೋಡಿದರು. ಅವರು ಗಂಡನ ಮೊಣಕಾಲು ಜಿಗುಟುವಷ್ಟರಲ್ಲಿ ಆ ಗದ್ದ ಮೇಲೆದ್ದಿತ್ತು.

"ಮುಂದಿನ ದನಿ ಇದೆ," ಅಂದರು ಪಾಕ್ ಕಸಿರಾನ್. "ನಡು ಅಲ್ಲಾಡುತ್ತೆ. ತುದಿ ಅಂತೂ ಇಲ್ವೇ ಇಲ್ಲ. ಹೆಸರು ಜಾಸ್ತಿ ಆಯ್ತು."

ಪಾಕ್ ಮರ್ಸುದಿ ಬಾಯಿಗಿಟ್ಟಿದ್ದ ಸುರುಳಿಯನ್ನು ಅರ್ಧಕ್ಕೇ ತೆಗೆದು ತಟ್ಟೆಯಲ್ಲಿಟ್ಟರು. ಹೆಣ್ಣಿನ ಮನೆಯಲ್ಲಿ ಕಚ್ಚಿದ ತಿಂಡಿಯನ್ನು ತಟ್ಟೆಯಲ್ಲಿ ಬಿಟ್ಟು ಏಳುವುದೆಂದರೆ ಏನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಮರುದಿನ ನನ್ನನ್ನು ಕರೆಸಿದರು.

"ಯು ರುಬಿಯಾ, ನನ್ನನ್ನ ಬೈದಿದ್ರೆ ನುಂಗ್ಕೊಳ್ತಿದ್ದೆ. ಹತ್ತು ವರ್ಷದಿಂದ ನನ್ನ ಮನೇಲಿ ಬೆಳಗಾಗೋದೇ ಆ ದನಿಯಿಂದ. ಅದಕ್ಕೆ ತುದಿ ಇಲ್ಲ ಅನ್ನೋನ ಮಗಳು ನನ್ನ ಮನೇಲಿ ಹೇಗೆ ಬಾಳ್ತಾಳೆ? ನಾಲ್ಕು ಜನರ ಎದುರು ಅವರು ತಪ್ಪಾಯ್ತು, ನಿಲಾ ಆ ಹೆಸರಿಗೆ ತಕ್ಕೋಳೇ ಅಂದ್ಬಿಡ್ಲಿ. ಅವತ್ತೇ ದಿನ ಗೊತ್ತು ಮಾಡೋಣ. ಇಲ್ಲಾಂದ್ರೆ ಗಿಲಾಂಗ್‌ಗೆ ಬೇರೆ ಕಡೆ ನೋಡ್ತೀನಿ."

ಸುದ್ದಿ ಸಂತೆಗೆ ಬಿದ್ದಿತು. ಅವತ್ತಿನಿಂದ ನನ್ನ ಅಂಗಡಿಯ ಬೆಂಚುಗಳ ಮೇಲೆ ಕಾಳಗ ಶುರು. ಸೋತೊ ಆರಿ ಹೋಗುತ್ತಿತ್ತು, ಮಾತು ಆರುತ್ತಿರಲಿಲ್ಲ.

"ಲಕ್ಷಾಂತರ ಜನ ಕೇಳ್ತಾರೆ," ಅನ್ನುತ್ತಿದ್ದ ಲಾರಿ ಓಡಿಸುವ ಪರ್ಜಾನ್. "ಅಷ್ಟೂ ಜನರ ಕಿವಿ ಕೆಟ್ಟು ಹೋಗಿದೆಯಾ?"

ಬೆಳವದ ಸಂಘದ ಅಧ್ಯಕ್ಷರಾದ ಹರ್ಜಿತೊ ಮೇಷ್ಟ್ರು ನಿವೃತ್ತರಾದರೂ ಪಾಠ ಬಿಟ್ಟಿರಲಿಲ್ಲ. "ಮಳೆಗಾಲದಲ್ಲಿ ಲಕ್ಷಾಂತರ ಜನ ಕೆಮ್ತಾರೆ. ಅದನ್ನ ಸಂಗೀತ ಅಂತೀಯೇನಪ್ಪಾ?"

"ಕೆಮ್ಮಿಗೆ ಯಾರೂ ಟಿಕೆಟ್ ತಗೊಳಲ್ಲ ಮೇಷ್ಟ್ರೇ."

"ಟಿಕೆಟ್ ತಗೊಳೋದು ಅವಳ ಗಂಟಲಿಗಲ್ಲ ಕಣಯ್ಯಾ, ಸೊಂಟಕ್ಕೆ."

ಆಗ ತರಕಾರಿ ಮಾರುವ ಯು ಸಿಪೊನ್ ಚಮಚ ಕುಕ್ಕಿದಳು. "ನನ್ನ ಗಂಡ ಬಿಟ್ಟು ಹೋದಾಗ ಮೂರು ತಿಂಗಳು ಅವಳ ಹಾಡು ಹಾಕ್ಕೊಂಡೇ ಬೇಯಿಸ್ದೆ, ಹಾಕ್ಕೊಂಡೇ ಉಂಡೆ. ಆಗ ನೀವ್ಯಾರೂ ಬಂದು ತುದಿ ಇದೆಯಾ, ಬುಡ ಇದೆಯಾ ಅಂತ ಕೇಳ್ಲಿಲ್ಲ."

ಎಲ್ಲರೂ ತಲೆ ತಗ್ಗಿಸಿದರು. ಮೇಷ್ಟ್ರು ಮಾತ್ರ ಸಣ್ಣಗೆ, "ಅದು ಹಾಡಿನ ಗುಣ ಅಲ್ಲಮ್ಮ ಸಿಪೊನ್, ಗಂಡ ಹೋದ ಗುಣ" ಅಂದರು. ಅವಳೂ ನಕ್ಕುಬಿಟ್ಟಳು.

ನನ್ನನ್ನು ಕೇಳಿದರೆ? ಈರುಳ್ಳಿ ಹೆಚ್ಚುವಾಗ ನಿಲಾಳ ಹಾಡು ಇದ್ದರೆ ನನ್ನ ಕೈ ಚುರುಕಾಗಿ ಓಡುತ್ತದೆ. ಅದು ದೊಡ್ಡ ಸಂಗೀತವೋ ಅಲ್ಲವೋ ನನ್ನ ಈರುಳ್ಳಿಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನನಗೆ ಗೊತ್ತಿದ್ದದ್ದು ವೆನಿಂಗ್ ಮೂರು ದಿನದಿಂದ ಅನ್ನ ಮುಟ್ಟಿಲ್ಲ ಎಂಬುದು. ತಡೆಯಲಾರದೆ ತಟ್ಟಿಯನ್ನೇ ಸರಿಸಿ ಒಳಗೆ ನುಗ್ಗಿದೆ.

"ಪಾಕ್, ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ ಹಿರಿಯರು. ನಾವು ಸಾವಿರ ಕೇಳ್ತಿಲ್ಲ. ಒಂದೇ ಒಂದು. 'ಚೆನ್ನಾಗಿ ಹಾಡ್ತಾಳೆ' ಅಷ್ಟೇ. ಆಮೇಲೆ ಬೇಕಾದ್ರೆ ಬಾಯಿ ತೊಳ್ಕೊಳ್ಳಿ!"

ಅವರು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದರು. "ಹೇಳ್ಬಹುದು ಯು. ಹೇಳಿದ್ಮೇಲೆ ಭಾನುವಾರ ಬಾವುಟ ಹಿಡ್ಕೊಂಡು ಹೋಗೋದು ಹೇಗೆ? ಒಂದು ಕಡೆ ಸೋರೋ ಟ್ಯೂಬು ಎಲ್ಲಾ ಕಡೆ ಸೋರಿದ ಹಾಗೇನೇ."

"ಮಗಳಿಗಿಂತ ಹಕ್ಕಿ ಹೆಚ್ಚಾಯ್ತಾ ಪಾಕ್ನೆ?" ಬಾಗಿಲಲ್ಲಿ ನಿಂತ ಬು ವಾಗಿಯೆಂ ಕೇಳಿದರು. ಪಾಕ್ನೆ ಅಂದರೆ ನಮ್ಮ ಮಗುವಿನಪ್ಪ ಅಂತ. ಬೇರೆ ದಿನ ಸಲಿಗೆಯಿಂದ ಕರೆಯುವ ಮಾತು, ಅವತ್ತು ಬೈಗುಳದ ಹಾಗಿತ್ತು. ಪಾಕ್ ಕಸಿರಾನ್ ಟ್ಯೂಬನ್ನು ಮತ್ತೆ ನೀರಿಗೆ ಅದ್ದಿದರು. ಬೋಗುಣಿಯಲ್ಲಿ ಕೈ ಸುಮ್ಮನೆ ನಿಂತಿತು. ಆಮೇಲೆ ತಮಗೆ ತಾವೇ ಹೇಳಿಕೊಂಡ ಹಾಗೆ, "ಅವಳ ಹಾಡು ಎಲ್ಲಿ ಕೇಳಿದರೂ ಹಾಗೇ ಇದೆ. ತುದಿ ಬರಬೇಕಾದ ಜಾಗದಲ್ಲಿ ಡೋಲು ಬರುತ್ತೆ" ಅಂದರು.

ಈ ಮಾತನ್ನು ನಾನು ಹಾಗೇ ಹೋಗಿ ಗಿಲಾಂಗ್‌ಗೆ ಮುಟ್ಟಿಸಿದೆ. ಅವನು ಕೂತಲ್ಲಿಂದ ಎದ್ದೇಬಿಟ್ಟ.

"ಯು, ಹಾಗಾದ್ರೆ ಅವರು ನಿಲಾ ದನಿ ಕೇಳೇ ಇಲ್ಲ! ಡೋಲು ಕೇಳಿದಾರೆ. ಹೋದ ವರ್ಷ ಅವಳ ಕಾರ್ಯಕ್ರಮಕ್ಕೆ ನಾವೇ ಮೈಕು ಕಟ್ಟಿದ್ದು. ಒಂದೊಂದು ಮೈಕಿನ ದನೀನೂ ಬೇರೆ ಬೇರೆಯಾಗಿ ನನ್ನ ಹತ್ರ ಇದೆ. ಅವಳ ಮೈಕಿಂದು ಮಾತ್ರ ಹಾಕ್ಬಹುದು. ಡೋಲಿಲ್ಲ, ಕೊಳಲಿಲ್ಲ, ಏನಿಲ್ಲ. ಬರೀ ಗಂಟಲು."

ಅದನ್ನು ಕೇಳಿ ತೂಗಲು ಪಾಕ್ ಕಸಿರಾನ್ ಒಪ್ಪಿದರು, ಆದರೆ ತಮ್ಮ ಕ್ರಮದಲ್ಲೇ. ಹೆಸರು ಹೇಳಕೂಡದು. ಒಂದೇ ದನಿ ಇರಕೂಡದು, ಮೂರು ಇರಬೇಕು. ದನಿ ಮೇಲಿನಿಂದ ಬರಬೇಕು, ಎದುರಿನಿಂದ ಬಂದರೆ ತಮಗೆ ತೂಕ ಸಿಗುವುದಿಲ್ಲ. ಪಾಕ್ ಮರ್ಸುದಿಯಂತೂ ತೊಡೆ ತಟ್ಟಿ ಕುಣಿದರು.

"ಮೂರಲ್ಲ, ಮೂವತ್ತು ಇಡಿ! ನಾನೂ ಬಾವುಟ ಹಿಡೀತೀನಿ. ಅವಳು ಸೀನಿದ್ರೂ ಗುರುತು ಹಿಡೀತೀನಿ ನಾನು!"

ಭಾನುವಾರ ಹಕ್ಕಿಗಳ ಸ್ಪರ್ಧೆ ಮುಗಿದ ಮೇಲೆ ಒಬ್ಬರೂ ಮನೆಗೆ ಹೋಗಲಿಲ್ಲ. ಪಾಕ್ ಮರ್ಸುದಿ ಅಭಿಮಾನಿ ಸಂಘದ ಕೆಂಪು ಜಾಕೀಟು ತೊಟ್ಟು, ಹೆಂಡತಿಯನ್ನೂ ನೆಂಟರನ್ನೂ ಕರೆದುಕೊಂಡು, ಬಾಳೆಗೊನೆ, ಬೆಲ್ಲದ ಅಂಟಕ್ಕಿಯ ತಟ್ಟೆ, ರೇಷ್ಮೆ ಬಟ್ಟೆ ಎಲ್ಲ ಹೊರಿಸಿಕೊಂಡು ಬಂದಿದ್ದರು. ಗೆದ್ದ ಕೂಡಲೇ ಅಲ್ಲೇ ದಿನ ಗೊತ್ತು ಮಾಡುವ ಹುರುಪು. ಗಿಲಾಂಗ್ ಮೂರು ಪುಟ್ಟ ಸ್ಪೀಕರುಗಳನ್ನು ಮೂರು ಪಂಜರದೊಳಗಿಟ್ಟು, ಬಟ್ಟೆ ಹೊದಿಸಿ, ಹಗ್ಗ ಎಳೆದು ಕಂಬಕ್ಕೇರಿಸಿದ. ಮೂರರಲ್ಲೂ ನಿಲಾಳ ಹಾಡೇ, ಬಸ್ ನಿಲ್ದಾಣದಲ್ಲಿ ಕಾಯುತ್ತಾ ನಿಂತ ಹೆಣ್ಣಿನದು. ಹಾಡಿದವರು ಮಾತ್ರ ಮೂವರು. ಯಾವ ಕಂಬ ಯಾರದೆಂದು ಬರೆದ ಚೀಟಿ ಹರ್ಜಿತೊ ಮೇಷ್ಟ್ರ ಜೇಬಿನಲ್ಲಿ.

ಮೊದಲ ಕಂಬದ್ದು ನನ್ನ ದನಿ. ಹೌದು, ನಗಬೇಡಿ. ಗಿಲಾಂಗ್ ಬೇಡಿಕೊಂಡ, ಹಾಡಿಕೊಟ್ಟೆ. ಪಾಕ್ ಕಸಿರಾನ್ ಕಂಬದ ಕೆಳಗೆ ನಿಂತರು, ಕಣ್ಣು ಮುಚ್ಚಿದರು, ಅರ್ಧ ಚರಣಕ್ಕೇ ಕಣ್ಣು ಬಿಟ್ಟು ಒಂದು ಬಣ್ಣದ ಬಾವುಟ ಚುಚ್ಚಿದರು. ಇಪ್ಪತ್ತೆರಡು ವರ್ಷದಿಂದ ದಿನವೂ ಕೇಳುವ ದನಿ ಅವರಿಗೆ ಗುರುತು ಸಿಗದೇ ಇರುತ್ತದೆಯೇ? ಗುರುತು ಸಿಕ್ಕಿಯೇ ಕೊಟ್ಟದ್ದು. ಒಂದು ಬಣ್ಣ! ನನ್ನ ಹೊಟ್ಟೆ ಉರಿದು ಹೋಯಿತು. ಪಾಕ್ ಮರ್ಸುದಿ ನೋಡಿ, ದೊಡ್ಡ ಮನುಷ್ಯರು, ಎರಡು ಕೊಟ್ಟರು.

ಎರಡನೆಯ ಕಂಬ. ತೆಳ್ಳನೆಯ ದನಿ, ಯಾವ ಆಡಂಬರವೂ ಇಲ್ಲ, ಯಾರೋ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಾ ಹಾಡಿಕೊಂಡ ಹಾಗಿತ್ತು. ಪಾಕ್ ಮರ್ಸುದಿ ಒಂದು ಗಳಿಗೆ ಕೇಳಿ ಮೂಗು ಮುರಿದರು. "ಇದ್ಯಾರೋ ಬೇರಿನ ಕಷಾಯ ಮಾರೋಳನ್ನ ಹಿಡ್ಕೊಂಡು ಬಂದಿದಾರೆ," ಅಂದು ಯಾವ ಬಾವುಟವನ್ನೂ ಚುಚ್ಚದೆ ಮುಂದೆ ಹೋದರು. ಕೆಲವರು ನಕ್ಕರು.

ಪಾಕ್ ಕಸಿರಾನ್ ನಿಂತವರು ನಿಂತೇ ಇದ್ದರು. ಕತ್ತು ಎಷ್ಟು ಹಿಂದಕ್ಕೆ ಹೋಗಿತ್ತೆಂದರೆ ಟೋಪಿ ಬಿತ್ತು. ಎತ್ತಿಕೊಳ್ಳಲಿಲ್ಲ. ಹಾಡು ಮುಗಿಯಿತು. ಕೈಸನ್ನೆ ಮಾಡಿ ಮತ್ತೊಮ್ಮೆ ಹಾಕಿಸಿದರು. ಬೆಳವದ ಸ್ಪರ್ಧೆಯಲ್ಲಿ ಅವರು ಒಂದು ಹಕ್ಕಿಯನ್ನೂ ಎರಡು ಸಲ ಕೇಳಿದ್ದಿಲ್ಲ. ಆಮೇಲೆ ಸೊಂಟದ ಚೀಲಕ್ಕೆ ಕೈ ಹಾಕಿ, ತಳದಲ್ಲಿದ್ದದ್ದನ್ನು ಹುಡುಕಿ ತೆಗೆದು, ಮಂಡಿಯೂರಿ ಕಂಬದ ಬುಡಕ್ಕೆ ಚುಚ್ಚಿದರು. ನಾಲ್ಕು ಬಣ್ಣ. ಬಯಲಿನ ಗಂಡಸರೆಲ್ಲ ಒಟ್ಟಿಗೆ ಎದ್ದು ನಿಂತರು.

ಮೂರನೆಯ ಕಂಬದಲ್ಲಿ ಬಳುಕು, ನಡುಕ, ನಿಟ್ಟುಸಿರು ಎಲ್ಲವೂ ಭರ್ತಿ ಇತ್ತು. "ಬಂದಳು ನೋಡಿ ನನ್ನವ್ವ!" ಎಂದು ಪಾಕ್ ಮರ್ಸುದಿ ಕಣ್ಣೊರೆಸಿಕೊಂಡು ತಮ್ಮ ನಾಲ್ಕು ಬಣ್ಣವನ್ನು ಅಲ್ಲಿ ನೆಟ್ಟರು. ಪಾಕ್ ಕಸಿರಾನ್ ಎರಡು ಕೊಟ್ಟರು.

ಮೇಷ್ಟ್ರು ಚೀಟಿ ಬಿಡಿಸಿ ಓದಿದರು. ಮೊದಲನೆಯದು ಸೋತೊ ಅಂಗಡಿಯ ರುಬಿಯಾ. ಮೂರನೆಯದು ಮದುವೆ ಮನೆಗಳಲ್ಲಿ ನಿಲಾಳ ಹಾಗೇ ಹಾಡಿ ಹೊಟ್ಟೆ ಹೊರೆಯುವ ಪಕ್ಕದೂರಿನ ಹುಡುಗಿ. ಎರಡನೆಯದನ್ನು ಓದುವಾಗ ಅವರ ದನಿಯೇ ಕೆಳಗಿಳಿಯಿತು. "ನಿಲಾ ಕಿನಾಸಿ."

ಎಲ್ಲೋ ಹಿಂದೆ ಪರ್ಜಾನ್ ಎಂಬ ಮುಠ್ಠಾಳ ಫಕ್ಕನೆ ನಕ್ಕ. "ಕಷಾಯ ಮಾರೋಳು!" ಅಂದ. ಅಷ್ಟು ಸಾಕಾಯಿತು. ಇಡೀ ಬಯಲು ಹೊಟ್ಟೆ ಹಿಡಿದುಕೊಂಡು ನಗತೊಡಗಿತು. ನಾನೂ ನಕ್ಕೆ, ಅಲ್ಲಾ ಕ್ಷಮಿಸಲಿ. ನಕ್ಕು ಕಣ್ಣೊರೆಸಿಕೊಂಡು ನೋಡುತ್ತೇನೆ, ಪಾಕ್ ಮರ್ಸುದಿಯ ಮುಖ ಗೂಡಿನಿಂದ ಆಗಷ್ಟೇ ತೆಗೆದ ಇಟ್ಟಿಗೆ. ಹತ್ತು ವರ್ಷದ ಭಕ್ತಿ, ಲಾರಿ, ಗಡಿಯಾರ, ಜಾಕೀಟು, ಎಲ್ಲ ಮಣ್ಣುಪಾಲಾಗಿತ್ತು. ಅವರು ಹೆಂಡತಿಯ ಕಡೆ ತಿರುಗಿ ಕೈಯಲ್ಲೇ ಸನ್ನೆ ಮಾಡಿದರು: ತಟ್ಟೆಗಳನ್ನು ಎತ್ತು, ಹೋಗೋಣ.

ಇಂಥ ಅವಮಾನವಾದ ಮೇಲೆ ಯಾರು ತಾನೇ ಆ ಮನೆಯ ಹೆಣ್ಣು ತರುತ್ತಾರೆ? ಪಾಕ್ ಕಸಿರಾನ್ ಗೆದ್ದಿದ್ದರು, ಮಗಳು ಸೋತಿದ್ದಳು. ಹೆಂಗಸರ ಸಾಲಿನಲ್ಲಿ ವೆನಿಂಗ್ ಬೆಲ್ಲದ ಅಂಟಕ್ಕಿಯ ತಟ್ಟೆ ಹಿಡಿದು ಕೂತಿದ್ದಳು. ಭಾವಿ ಅತ್ತೆ ಬಂದು ಆ ತಟ್ಟೆಗೆ ಕೈ ಹಾಕಿದರು. ಅವಳು ಬಿಡಲಿಲ್ಲ. ಅವರು ಎಳೆದರು, ಇವಳು ಬಿಡಲಿಲ್ಲ. ಅಪ್ಪನ ಕಡೆ ನೋಡಲೂ ಇಲ್ಲ, ತಟ್ಟೆಯನ್ನೇ ನೋಡುತ್ತಿದ್ದಳು.

"ಒಂದು ನಿಮಿಷ ತಡೀರಿ," ಅಂದರು ಪಾಕ್ ಕಸಿರಾನ್.

ನಗು ನಿಂತಿತು. ಅವರು ಟೋಪಿ ಎತ್ತಿ ಧೂಳು ಕೊಡವಿ ತಲೆಗಿಟ್ಟುಕೊಂಡರು. ನನಗೆ ಗೊತ್ತಿದ್ದ ಹಾಗೆ ಮೊದಲನೆಯ ಸಲ ಅವರ ಗದ್ದ ಕೆಳಗಿತ್ತು.

"ನಗಬೇಡಿ. ಪಾಕ್ ಮರ್ಸುದಿಗೆ ಅವಳ ದನಿ ಗೊತ್ತಿಲ್ಲದೆ ಅಲ್ಲ. ನಿನ್ನೆ ಸಂಜೆ ಅವರು ನನ್ನ ಅಂಗಡಿಗೆ ಬಂದಿದ್ರು. ಮಗನಿಂದ ಮೊದಲೇ ತಿಳ್ಕೊಂಡಿದ್ರು. ಎರಡನೇ ಕಂಬ ನಿಲಾದು, ಮಕ್ಕಳ ಬಾಳು ನೋಡಿ, ದೊಡ್ಡ ಬಾವುಟ ಕೊಟ್ಬಿಡಿ ಅಂದ್ರು. ಯಾರಿಗೂ ಅನುಮಾನ ಬರಬಾರದು ಅಂತ ತಾವು ಬೇಕಂತಲೇ ಬಿಟ್ಟು ಬೇರೇದಕ್ಕೆ ಹಾಕ್ತೀನಿ ಅಂದ್ರು. ನಾನು ಆಗ್ಲಿ ಅಂದೆ. ಇಬ್ಬರೂ ಸೇರಿ ಮಾಡಿದ್ದು ಇದು."

ಅಂಥ ಸುಳ್ಳನ್ನು ನನ್ನ ಜನ್ಮದಲ್ಲಿ ಕೇಳಿರಲಿಲ್ಲ. ಹಿಂದಿನ ಸಂಜೆ ಅವರ ಸೈಕಲ್ ಅಂಗಡಿ ಮುಚ್ಚಿತ್ತು. ಈ ಮನುಷ್ಯ ನನ್ನ ಬೆಂಚಿನ ಮೇಲೆ ಹರ್ಜಿತೊ ಮೇಷ್ಟ್ರ ಪಕ್ಕದಲ್ಲೇ ಕೂತು ಎರಡು ಲೋಟ ಚಹಾ ಕುಡಿದಿದ್ದರು. ಸುಳ್ಳು ಹೇಳಿ ರೂಢಿಯಿಲ್ಲ ನೋಡಿ, ಯಾವ ಸಂಜೆಯನ್ನು ಆರಿಸಿಕೊಳ್ಳಬೇಕೆಂದೂ ತಿಳಿಯಲಿಲ್ಲ. ನೋಡಿದವರು ಅರ್ಧ ಸಂತೆ. ಅಷ್ಟೂ ಜನ ತಲೆದೂಗಿದರು. "ಹಾಗೆ ಹೇಳಿ ಮತ್ತೆ," ಅಂದಳು ಯು ಸಿಪೊನ್. "ನಾನೂ ಅಂದ್ಕೊಂಡೆ, ಅವರಿಗೆ ಗೊತ್ತಾಗದೇ ಇರುತ್ತಾ ಅಂತ." ನಮ್ಮ ಜನ ಎದುರಿಗೆ ಕೂತವನ ಮಾನ ಹೋಗುತ್ತಿದೆ ಎಂದರೆ ಇದ್ದ ಕಣ್ಣನ್ನೂ ಮುಚ್ಚಿಕೊಳ್ಳುತ್ತಾರೆ.

ಮೇಷ್ಟ್ರು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು: "ಕಸಿರಾನ್, ಏನು ಹೇಳ್ತಿದೀಯ ಗೊತ್ತಾ? ಸುಳಿವು ತಗೊಂಡ ತೀರ್ಪುಗಾರನ ಬಾವುಟ ವರ್ಷ ಪೂರ್ತಿ ಕಿತ್ಕೋಬೇಕು. ನಾಲ್ಕು ಜಿಲ್ಲೆಯ ಸಂಘಗಳಿಗೂ ಬರೀಬೇಕು."

"ಗೊತ್ತು ಮೇಷ್ಟ್ರೇ. ಆ ನಿಯಮ ಬರೆಸಿದ್ದೇ ನಾನು."

ಸೊಂಟದ ಚೀಲ ಬಿಚ್ಚಿ ಅವರ ಕೈಗಿಟ್ಟರು. ಚೀಲ ಹೋದ ಸೊಂಟದ ಮೇಲೆ ಕೈ ಒಮ್ಮೆ ಸುಮ್ಮನೆ ಆಡಿತು. ಪಾಕ್ ಮರ್ಸುದಿ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಮೂವತ್ತು ವರ್ಷದ ಹೆಸರನ್ನು ಒಬ್ಬ ಮನುಷ್ಯ ತಮ್ಮ ಕಾಲ ಬುಡದಲ್ಲಿ ಹಾಸಿದ್ದಾನೆ, ಮೆಟ್ಟಿ ದಾಟಿ ಬಾ ಅನ್ನುತ್ತಿದ್ದಾನೆ ಎಂದು ಅವರಿಗೆ ಅರ್ಥವಾಗಿತ್ತು. ದಪ್ಪ ಮನುಷ್ಯ, ದಡ್ಡ ಅಲ್ಲ.

"ಹೌದು," ಅಂದರು ಕೊನೆಗೆ. "ನಾನೇ ಹೇಳಿದ್ದು." ಆಮೇಲೆ ಹೆಂಡತಿಗೆ, "ಆ ತಟ್ಟೆ ಬಿಡು. ಅದು ಅವಳದು."

ನಾನು ಅತ್ತೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಸೆರಗು ಒದ್ದೆಯಾಗುವಷ್ಟು ಅತ್ತೆ. ವೆನಿಂಗ್ ತಟ್ಟೆ ಹಿಡಿದುಕೊಂಡೇ ಅಪ್ಪನ ಬಳಿ ಬಂದಳು.

"ಬಾಪಾಕ್, ನೀವು ಹೇಳಿದ್ದು..."

"ಮದುವೆ ಹೆಣ್ಣು ಬಿಸಿಲಲ್ಲಿ ನಿಲ್ಲಬಾರದು," ಅಂದರು ಅವರು. "ನೆರಳಿಗೆ ಹೋಗು."

ನಮ್ಮಲ್ಲಿ ಮದುವೆಗೆ ಶುಭವೆನ್ನುವ ಬೆಸಾರ್ ತಿಂಗಳಲ್ಲಿ ಮದುವೆಯಾಯಿತು. ನನ್ನ ಹದಿನೈದನೆಯ ಜೋಡಿ. ಇಬ್ಬರೂ ಚೆನ್ನಾಗಿದ್ದಾರೆ, ದೃಷ್ಟಿ ತಾಗದಿರಲಿ. ಆದರೆ ಮೇಷ್ಟ್ರ ಪತ್ರ ನಾಲ್ಕು ಜಿಲ್ಲೆ ಸುತ್ತಿತು. ದೂರದೂರಿನವರಿಗೆ ನಮ್ಮ ಸಂತೆಯ ಗುಟ್ಟು ಗೊತ್ತಿಲ್ಲವಲ್ಲ. ಪ್ರತಿ ವರ್ಷ ದೊಡ್ಡ ಸ್ಪರ್ಧೆಗೆ ಇವರನ್ನು ಕಾರು ಕಳಿಸಿ ಕರೆಸಿಕೊಳ್ಳುತ್ತಿದ್ದ ಒಂದು ಸಂಘ ಈ ಸಲ ಬರುವುದು ಬೇಡ ಎಂದು ಎರಡೇ ಸಾಲು ಬರೆಯಿತು. ಅದನ್ನು ಓದಿ ಮಡಿಸಿ ಟ್ಯೂಬಿನ ಅಂಟು ಒರೆಸಲು ಇಟ್ಟುಕೊಂಡರು. ಭಾನುವಾರ ಈಗ ಬಯಲಿಗೆ ಬೆನ್ನು ಮಾಡಿ ನನ್ನ ಬೆಂಚಿನ ಮೇಲೆ ಕೂರುತ್ತಾರೆ. ಹಿಂದಿನಿಂದ ಬೆಳವಗಳು ಕೂಗುತ್ತಲೇ ಇರುತ್ತವೆ. ಒಂದರ ಬಗ್ಗೆಯೂ ಬಾಯಿ ಬಿಡುವುದಿಲ್ಲ. ನನ್ನ ಸೌಟಿನ ಬಗ್ಗೆಯೂ ಇಲ್ಲ. ನನಗೆ ಅದೇ ತಡೆಯಲಾಗಲಿಲ್ಲ.

ಮದುವೆಯಾದ ಮೂರನೆಯ ಭಾನುವಾರ ಪಾಕ್ ಮರ್ಸುದಿ ಲಾರಿ ನಿಲ್ಲಿಸಿ ಇಳಿದು ಬಂದರು. ಜಾಕೀಟಿಲ್ಲ. ಬೀಗರ ಪಕ್ಕದಲ್ಲಿ, ಅವರ ಹಾಗೆಯೇ ಬಯಲಿಗೆ ಬೆನ್ನು ಮಾಡಿ, ಧೊಪ್ಪನೆ ಕೂತರು.

"ಇವತ್ತು ಸೋಲೋ ಪಟ್ಟಣದಲ್ಲಿ ನಿಲಾ ಕಾರ್ಯಕ್ರಮ ಅಲ್ವಾ?" ಅಂದೆ ನಾನು.

"ಹೋಗಲ್ಲ. ಸುಳಿವು ತಗೊಂಡೋರಿಗೆ ಒಂದು ವರ್ಷ ಶಿಕ್ಷೆ ಅಂದ್ರೆ, ಸುಳಿವು ಕೊಟ್ಟೋನು ಸುಮ್ನೆ ಓಡಾಡ್ಕೊಂಡು ಇರೋದು ನ್ಯಾಯಾನಾ? ನಾನೂ ಒಂದು ವರ್ಷ ಅವಳ ಹಾಡು ಕೇಳಲ್ಲ. ಮನೇಲೂ ಹಾಕ್ಬೇಡಿ ಅಂದಿದೀನಿ. ಲಾರೀಲಿ ಬರೀ ಸುದ್ದಿ ಕೇಳ್ಕೊಂಡು ಬಂದೆ. ಥೂ!"

ಕೊಡದ ಸುಳಿವಿಗೆ ಶಿಕ್ಷೆ ತೆಗೆದುಕೊಂಡವರೊಬ್ಬರು, ತೆಗೆದುಕೊಳ್ಳದ ಸುಳಿವಿಗೆ ಶಿಕ್ಷೆ ತೆಗೆದುಕೊಂಡವರೊಬ್ಬರು. ಇಬ್ಬರಿಗೂ ಸೋತೊ ಬಡಿಸಿದೆ. ಆಮೇಲೆ ಪಾಕ್ ಮರ್ಸುದಿ ಬಟ್ಟಲಿನೊಳಗೇ ನೋಡುತ್ತಾ, "ಬೀಗರೇ, ಅವತ್ತು ಎರಡನೇ ಕಂಬದಲ್ಲಿ ನಿಮಗೇನು ಕೇಳಿಸ್ತು?" ಅಂದರು.

"ಸಾಲು ಮುಗಿಯುತ್ತಲ್ಲ, ಆಗ ಅವಳು ಉಸಿರನ್ನ ಬಿಟ್ಟುಬಿಡಲ್ಲ. ಮಲಗಿದ ಮಗೂನ ಕೆಳಗೆ ಇಡೋ ಹಾಗೆ ಇಡ್ತಾಳೆ. ಆ ಹುಡುಗಿಗೆ ಅಂಥ ತುದಿ ಇದೆ. ಡೋಲಿನೋನು ಅದರ ಮೇಲೇ ಬಡೀತಾನೆ, ಪಾಪಿ. ಅದಕ್ಕೆ ಯಾರಿಗೂ ಗೊತ್ತಿಲ್ಲ."

"ಹತ್ತು ವರ್ಷ ಕೇಳಿದೀನಿ," ಅಂದರು ಪಾಕ್ ಮರ್ಸುದಿ. "ನಂಗೆ ಒಂದ್ಸಲಾನೂ ಕೇಳಿಸ್ಲಿಲ್ಲ. ಗಿಲಾಂಗ್ ನನ್ನ ಫೋನಿಗೆ ಹಾಕಿ ಕೊಟ್ಟಿದಾನೆ. ಸಣ್ಣದಾಗಿ ಒಂದೇ ಸಲ ಕೇಳ್ಬಿಡೋಣ್ವಾ?"

ಪಾಕ್ ಕಸಿರಾನ್ ಯೋಚಿಸಿದರು. ಆಸೆ ಅವರಿಗೂ ಇತ್ತು, ನನಗೆ ಕಾಣುತ್ತಿತ್ತು. "ಬೇಡ. ಶಿಕ್ಷೆ ಅಂದ್ರೆ ಶಿಕ್ಷೆ," ಅಂದರು. ಆಮೇಲೆ ನನ್ನ ಕಡೆ ತಿರುಗಿದರು. "ಯು ರುಬಿಯಾಗೆ ಯಾವ ಶಿಕ್ಷೇನೂ ಇಲ್ಲ. ಅವಳು ಕೇಳ್ಬಹುದು."

ಸೌಟು ಕೆಳಗಿಟ್ಟು, ಕೈ ಒರೆಸಿಕೊಂಡು, ಫೋನಿನ ತಂತಿಯನ್ನು ಕಿವಿಗೆ ಸಿಕ್ಕಿಸಿಕೊಂಡೆ. ಇಬ್ಬರು ಮುದುಕರೂ ಉಣ್ಣುವುದು ಬಿಟ್ಟು ನನ್ನ ಮುಖವನ್ನೇ ನೋಡುತ್ತಾ ಕೂತರು.

"ಸಾಲು ಮುಗೀತಾ?" ಪಾಕ್ ಕಸಿರಾನ್ ಕೇಳಿದರು. "ಈಗ ನೋಡು. ಬಂತಾ?"

ನಾನು ಕೈಯೆತ್ತಿ ಸುಮ್ಮನಿರಿ ಎಂದೆ. ನಿಲಾ ಉಸಿರನ್ನು ಇನ್ನೂ ಕೆಳಗಿಡುತ್ತಿದ್ದಳು.